ನನಗೋಸ್ಕರ ಹಾಕಿದ ಸಹಿ

ಆಕೆ ಬಂದದ್ದು ಮಂಗಳವಾರ ಬೆಳಿಗ್ಗೆ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಮೊದಲ ಪಾಳಿಯ ಸೈರನ್ ಆಗಷ್ಟೇ ಕೂಗಿ ನಿಂತಿತ್ತು. ಬಾಗಿಲ ಹೊರಗೇ ನಿಂತು, ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡು, "ಅಯ್ಯನೋರೆ, ನಮ್ಮನೆಯವ್ರು ಸೈನ್ ಹಾಕಲ್ಲ ಅಂತಾರೆ" ಎಂದಳು.

"ಯಾವುದಕ್ಕಮ್ಮ?"

"ದಯಾ ಅರ್ಜಿಗೆ. ದಿಲ್ಲೀಲಿ ಅಪೀಲು ವಜಾ ಆಯ್ತಂತೆ. ನಿನ್ನೆ ಜೈಲರು ಕರ್ದು ಹೇಳಿದ್ರಂತೆ. ಇನ್ನು ಏಳೇ ದಿನ. ಅಷ್ಟರೊಳಗೆ ಅರ್ಜಿ ಕೊಡ್ಬೇಕಂತೆ. ಅತ್ತೂ ಕರ್ದೂ ಕೇಳ್ಕೊಂಡೆ, ಆಗಲ್ಲ ಅಂದ್ರು. ಅಯ್ಯನೋರೇ ಬರ್ದವ್ರೆ, ಹೋಗಿ ಓದ್ಕೋ ಅಂದ್ರು."

ನಾನು ಏನು ಬರೆದಿದ್ದೆ ಎಂದು ಆಕೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನಾನಾಗ ರಾಜಾಜಿನಗರದ ಒಂದು ಚಿಕ್ಕ ಕನ್ನಡ ಕ್ರೈಸ್ತ ಸಭೆಯ ಪಾಲಕನಾಗಿದ್ದೆ. ಸಭೆ ಎಂದರೆ ನಲವತ್ತು ಕುಟುಂಬಗಳು, ಹೆಚ್ಚಿನವರು ಕಾರ್ಖಾನೆಗಳಲ್ಲಿ ಫಿಟ್ಟರು, ಟರ್ನರು. ನಮಗೆ ಸ್ವಂತ ದೇವಾಲಯವಿರಲಿಲ್ಲ. ಭಾನುವಾರ ಒಂದು ಪ್ರೈಮರಿ ಶಾಲೆಯ ಎರಡು ಕೋಣೆಗಳ ನಡುವಿನ ಹಲಗೆಗಳನ್ನು ತೆಗೆದು ಆರಾಧನೆ ನಡೆಸುತ್ತಿದ್ದೆವು. ಈ ಹೆಂಗಸಿನ ಗಂಡ ಟರ್ನರ್, ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವವನು. ಅವರಿಬ್ಬರ ಮದುವೆ ಮಾಡಿಸಿದವನು ನಾನೇ. ಅವನು ಕೊಂದದ್ದು ನಮ್ಮ ಸಭೆಯವನನ್ನೇ, ಒಂದೇ ವರ್ಕ್‌ಶಾಪಿನ ಸೂಪರ್‌ವೈಸರನ್ನು, ತನ್ನ ಊರಿನ ಗೆಳೆಯನನ್ನು.

ನಡೆದದ್ದು ಇಷ್ಟು. ಟರ್ನರ್ ಕುಡಿದು ಬಂದು ಲೇತಿನ ಮುಂದೆ ನಿಲ್ಲುತ್ತಿದ್ದ. ಸೂಪರ್‌ವೈಸರ್ ಎರಡು ಸಲ ಮನೆಗೆ ಕಳಿಸಿ, ಮೂರನೆಯ ಸಲ ರಿಪೋರ್ಟ್ ಬರೆದ. ಕೆಲಸದಿಂದ ತೆಗೆಯುವ ನೋಟಿಸು ಬಂತು. ನೋಟಿಸಿನ ಅವಧಿ ಮುಗಿಯಲು ಮೂರು ದಿನ ಉಳಿದಿತ್ತು. ಆ ಮೂರೂ ದಿನ ಅವನು ಊಟದ ಬಿಡುವಿನಲ್ಲಿ ಒಂದು ಹಳೆಯ ಅರವನ್ನು ಗ್ರೈಂಡಿಂಗ್ ಚಕ್ರಕ್ಕೆ ಹಿಡಿದು ಚೂರಿ ಮಾಡಿಕೊಂಡ. ನಾಲ್ಕನೆಯ ದಿನ ಪಾಳಿ ಬಿಡುವ ಹೊತ್ತಿಗೆ, ಗೇಟಿನ ಎದುರು, ಅಷ್ಟೂ ಜನರ ಮುಂದೆ ಇರಿದ. ಬಿದ್ದ ಮೇಲೂ ಇರಿದ. ಸಿಟ್ಟಿನ ಭರದಲ್ಲಿ ಆದ ಕೊಲೆ ಎಂದು ವಕೀಲರು ವಾದಿಸಿದರು. ಮೂರು ದಿನ ಚಕ್ರಕ್ಕೆ ಹಿಡಿದದ್ದನ್ನು ಸಿಟ್ಟು ಎನ್ನಲಾಗದು ಎಂದು ಸೆಷನ್ಸ್ ನ್ಯಾಯಾಧೀಶರು ಬರೆದರು. ಹೈಕೋರ್ಟ್ ಶಿಕ್ಷೆಯನ್ನು ಖಾಯಂ ಮಾಡಿತು.

ಸತ್ತವನಿಗೆ ಇದ್ದದ್ದು ತಾಯಿ ಒಬ್ಬರೇ. ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ. ಮಣ್ಣು ಮಾಡಿ ಬಂದ ಮೂರನೆಯ ವಾರ ಆಕೆ ನನ್ನನ್ನು ಕೇಳಿದ್ದರು: "ಅವ್ನಿಗೆ ಗಲ್ಲಾಗ್ಲಿ ಅಂತ ದಿನಾ ಕೇಳ್ಕೋತೀನಿ ಅಯ್ಯನೋರೆ. ಇದು ಪಾಪವಾ?" ಆಕೆಗೆ ಉತ್ತರವನ್ನು ಮನೆಗೆ ಬಂದು ಬರೆದೆ. ನಮ್ಮ ಸಭೆ ತಿಂಗಳಿಗೊಮ್ಮೆ ಎಂಟು ಪುಟದ ಪತ್ರಿಕೆಯೊಂದನ್ನು ಸೈಕ್ಲೊಸ್ಟೈಲ್ ಮಾಡಿ ಹಂಚುತ್ತಿತ್ತು. ಮೇಣದ ಕಾಗದದ ಮೇಲೆ ಉಕ್ಕಿನ ಮೊನೆಯಿಂದ ನಾನೇ ಕೊರೆದು ಬರೆಯುತ್ತಿದ್ದೆ. ಆ ತಿಂಗಳು ಮೂರು ಪುಟ ಮರಣದಂಡನೆಯ ಬಗ್ಗೆಯೇ. ಆಳುವವನ ಕೈಯಲ್ಲಿರುವ ಕತ್ತಿ ಶೋಭೆಗಾಗಿ ಇರುವುದಲ್ಲ, ದೇವರೇ ಅದನ್ನು ಕೊಟ್ಟಿದ್ದಾನೆ ಎಂದು ಸತ್ಯವೇದದ ಪತ್ರವೊಂದರಲ್ಲಿ ಅಪೊಸ್ತಲ ಹೇಳಿದ್ದನ್ನು ಆಧಾರ ಮಾಡಿಕೊಂಡು ಬರೆದಿದ್ದೆ. ಕ್ಷಮಿಸು ಎಂಬ ಆಜ್ಞೆ ನನಗೂ ನಿಮಗೂ ಇರುವುದೇ ಹೊರತು ನ್ಯಾಯಾಧೀಶನಿಗಲ್ಲ ಎಂದೆ. ಕೊಲೆ ಮಾಡಬೇಡ ಎಂಬ ಕಟ್ಟಳೆ ಬಂದ ಗ್ರಂಥದಲ್ಲೇ ಕೊಲೆಗಾರನಿಗೆ ಸಾವಿನ ಶಿಕ್ಷೆಯೂ ಇದೆ, ನ್ಯಾಯ ಬಯಸುವುದು ಹಗೆಯಲ್ಲ ಎಂದು ಮುಗಿಸಿದ್ದೆ. ಆ ತಾಯಿ ಅದನ್ನು ಮಡಿಸಿ ಸತ್ಯವೇದದ, ಅಂದರೆ ತಮ್ಮ ಬೈಬಲಿನ, ಒಳಗೆ ಇಟ್ಟುಕೊಂಡರು.

ವರ್ಷದ ನಂತರ ಟರ್ನರ್ ಜೈಲಿನಲ್ಲಿ ಓದಲು ಏನಾದರೂ ಕೊಡಿ ಎಂದು ಕೇಳಿದಾಗ, ನಾನು ಹಳೆಯ ಪತ್ರಿಕೆಗಳನ್ನೆಲ್ಲ ದಾರದಲ್ಲಿ ಹೊಲಿದು ಕಟ್ಟು ಮಾಡಿ ಕೊಟ್ಟುಬಂದಿದ್ದೆ. ಒಳಗೆ ಏನಿದೆ ಎಂದು ತಿರುವಿಯೂ ನೋಡಿರಲಿಲ್ಲ.

ಬುಧವಾರ ಸೈಕಲ್ ಹತ್ತಿ ಜೈಲಿಗೆ ಹೋದೆ. ಗೇಟಿನ ಪುಸ್ತಕದಲ್ಲಿ ಹೆಸರು, ವಿಳಾಸ, ಕೈದಿಯ ಜೊತೆಗಿನ ಸಂಬಂಧ ಬರೆಯಬೇಕು. ಸಂಬಂಧದ ಕಾಲಮ್ಮಿನಲ್ಲಿ ಯಾವಾಗಲೂ 'ಸಭಾಪಾಲಕ' ಎಂದು ಬರೆಯುತ್ತಿದ್ದೆ. ಜೈಲರು ಮಾತ್ರ ನನ್ನನ್ನು ಕೊನೆಯವರೆಗೂ ಫಾದರ್ ಎಂದೇ ಕರೆದರು. ಅವರು ಮೇಜಿನ ಮೇಲೆ ಫೈಲು ಬಿಡಿಸಿಟ್ಟು ವಿವರಿಸಿದರು.

"ನೋಡಿ ಫಾದರ್, ಸೋಮವಾರ ತಿಳಿಸಿದೀವಿ. ಮುಂದಿನ ಸೋಮವಾರ ಆಫೀಸು ಮುಚ್ಚೋದ್ರೊಳಗೆ ಅವನ ಅರ್ಜಿ ನಮ್ಮ ಕೈಗೆ ಬರ್ಬೇಕು. ಮೊದ್ಲು ಗವರ್ನರ್‌ಗೆ, ಅವರು ಆಗಲ್ಲ ಅಂದ್ರೆ ರಾಷ್ಟ್ರಪತಿಗೆ. ಅಲ್ಲೀವರೆಗೂ ಶಿಕ್ಷೆ ನಿಂತಿರುತ್ತೆ. ಅವ್ನು ಕೊಡ್ಲೇ ಇಲ್ಲ ಅಂದ್ರೆ ನಾವು ತಾರೀಖು ಕೇಳಿ ಬರೀಬೇಕಾಗುತ್ತೆ."

"ನಾವು ಹೊರಗಿನವರು ಕೊಟ್ರೆ?"

"ಕೊಡ್ಬಹುದು. ಆದ್ರೆ ಕೈದಿಗೇ ಬೇಡ ಅಂತ ಇದ್ರೆ ಮೇಲಿನವ್ರು ಏನಂತ ನೋಡ್ತಾರೆ ಹೇಳಿ? ನಾನೂ ಅವ್ನಿಗೆ ಹೇಳ್ದೆ. ಇಂಥೋನ್ನ ನಾನು ನೋಡಿಲ್ಲ."

ಗಲ್ಲಿನ ಕೈದಿಗಳ ಕೋಣೆಗಳು ಹಿಂದಿನ ಸಾಲಿನಲ್ಲಿದ್ದವು. ಸರಳುಗಳ ಈಚೆಗೆ ನನಗೊಂದು ಸ್ಟೂಲ್ ಹಾಕಿದರು. ವಾರ್ಡರ್ ನಾಲ್ಕು ಹೆಜ್ಜೆ ದೂರದಲ್ಲಿ ನಿಂತ. ಟರ್ನರ್ ಕಂಬಳಿಯ ಮೇಲೆ ಕೂತಿದ್ದ. ಹಿಂದೆ ನೋಡಿದ್ದಕ್ಕಿಂತ ಕೊಂಚ ದಪ್ಪಗಾಗಿದ್ದ. ಅವನೇ ಹೇಳಿದ: "ವಾರಕ್ಕೊಂದ್ಸಲ ತೂಕ ನೋಡ್ತಾರೆ ಅಯ್ಯನೋರೆ. ಹಗ್ಗಕ್ಕೆ ಲೆಕ್ಕ ಬೇಕಂತೆ." ತನ್ನ ಲೇತಿಗೆ ಹಾಕುವ ಕಬ್ಬಿಣದ ಅಳತೆ ಹೇಳುವಷ್ಟೇ ಸಲೀಸಾಗಿ ಹೇಳಿದ.

"ಸೈನ್ ಯಾಕೆ ಹಾಕಲ್ಲಪ್ಪ?"

ಅವನು ಗೋಡೆಯ ಬದಿಯಿಂದ ನನ್ನ ಕಟ್ಟನ್ನು ತೆಗೆದ. ಆ ಮೂರು ಪುಟಗಳ ಅಂಚು ಕೈ ಬೆವರಿಗೆ ಕಂದಿತ್ತು. "ನಲವತ್ತು ಸಲ ಓದಿದೀನಿ. ಇದ್ರಲ್ಲಿ ತಪ್ಪೇ ಇಲ್ಲ. ನಾನು ಅವ್ನ್ನ ಕೊಂದೆ. ನಂಗೆ ಇದು ಬರ್ಬೇಕಾದ್ದೆ. ಶಿಲುಬೆ ಮೇಲೆ ಸ್ವಾಮಿ ಪಕ್ಕದಲ್ಲಿ ಇದ್ದ ಕಳ್ಳನೂ ಅದನ್ನೇ ಹೇಳಿದ್ನಲ್ಲ, ನಮಗಾಗಿರೋದು ನ್ಯಾಯವೇ ಅಂತ. ಅವ್ನು ಯಾವ ಗವರ್ನರ್‌ಗೂ ಅರ್ಜಿ ಹಾಕ್ಲಿಲ್ಲ. ನಾನು ಸರಿಹೋಗ್ಬಿಟ್ಟಿದೀನಿ ಅಯ್ಯನೋರೆ. ರಾತ್ರಿ ನಿದ್ದೆ ಬರುತ್ತೆ. ಮೊದ್ಲು ಬರ್ತಿರ್ಲಿಲ್ಲ."

ನಾನು ಆವತ್ತು ಅವನ ಮುಂದೆ ಏನೂ ವಾದಿಸಲಿಲ್ಲ. ವಾದಿಸಲು ನನ್ನದೇ ಅಕ್ಷರಗಳು ಅಡ್ಡ ನಿಂತಿದ್ದವು. ಸುಮ್ಮನೆ ಪ್ರಾರ್ಥನೆ ಮಾಡಿ ಎದ್ದೆ. ಎದ್ದಾಗ ಆ ಸಾಲಿನ ಕೊನೆಯಲ್ಲಿ ಇದ್ದ ಮರದ ದೊಡ್ಡ ಬಾಗಿಲು ಕಾಣಿಸಿತು. ಅದರ ಆಚೆ ಏನಿದೆ ಎಂದು ವಾರ್ಡರನ್ನು ಕೇಳಿದೆ. "ಗಲ್ಲಿನ ಹಳೇ ಜಾಗ ಸಾರ್. ಈಗ ಇಲ್ಲಿ ಮಾಡಲ್ಲ, ಬೆಳಗಾವಿ ಕಡೆ ಕಳಿಸ್ತಾರೆ" ಎಂದ.

ಸೈಕಲ್ ತುಳಿಯುತ್ತ ವಾಪಸು ಬರುವಾಗ ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನಾನು ಆ ಲೇಖನ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ತಾಯಿಯ ಮುಖ. ಆಕೆಗೆ ಸಮಾಧಾನ ಬೇಕಿತ್ತು, ಅದಕ್ಕೆ ತಕ್ಕ ವಚನ ಹುಡುಕಿದ್ದೆ. ಈಗ ಇವನ ಮುಖ ನೋಡಿ ಇನ್ನೊಂದು ವಚನ ಹುಡುಕಲು ಹೊರಟರೆ, ನನ್ನದು ನಂಬಿಕೆಯೋ ಅಥವಾ ಎದುರಿಗೆ ಕೂತವರ ಕಣ್ಣೀರಿಗೆ ತಕ್ಕ ಮಾತೋ?

ಆ ರಾತ್ರಿ ಸತ್ಯವೇದವನ್ನು ಮತ್ತೆ ಓದಿ, ಅರ್ಜಿ ಹಾಕಿಸಲೇಬೇಕು ಎಂದು ನಿರ್ಧರಿಸಿ, ಗುರುವಾರ ನಮ್ಮ ಸಭೆಯ ಹಿರಿಯರೊಬ್ಬರ ಮನೆಗೆ ಹೋದೆ. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಬಸವೇಶ್ವರನಗರದ ಹೊಸ ಸೈಟುಗಳ ನಡುವೆ ಗಾರೆ ಬಳಿಯದ ಮನೆಯಲ್ಲಿ ಆಗಲೇ ಬಂದು ಸೇರಿಕೊಂಡಿದ್ದರು. ಸುತ್ತ ಬರೀ ಕಲ್ಲು ನೆಟ್ಟ ಬಯಲು. ಗಲ್ಲು ಶಿಕ್ಷೆಯ ವಿಷಯದಲ್ಲಿ ಅವರದು ಗಟ್ಟಿ ನಿಲುವು ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅರ್ಜಿ ಬರೆಯುವುದು ಬೇರೆ ಯಾರಿಗೂ ಗೊತ್ತಿರಲಿಲ್ಲ.

"ನಾನು ಗಲ್ಲಿಗೆ ವಿರೋಧಿಯಲ್ಲ ಅಯ್ಯನವರೇ, ಮೊದಲೇ ಹೇಳಿಬಿಡ್ತೀನಿ" ಎಂದರು. "ನೀವು ಬರೆದದ್ದನ್ನ ನಾನು ಒಪ್ಪಿದ್ದೆ. ಈಗ್ಲೂ ಒಪ್ತೀನಿ. ನಂಬಿಕೆ ಬೇರೆ, ಡ್ರಾಫ್ಟಿಂಗ್ ಬೇರೆ. ಕೇಳೋ ಹಕ್ಕು ಕಾನೂನು ಕೊಟ್ಟಿದೆ, ಸರಿಯಾಗಿ ಕೇಳೋಣ."

ಫುಲ್‌ಸ್ಕೇಪ್ ಹಾಳೆಯ ಎಡಕ್ಕೆ ಮೂರು ಬೆರಳು ಅಂಚು ಬಿಟ್ಟು ಬರೆಯಲು ಕೂತರು. ತೀರ್ಪು ತಪ್ಪು ಎಂದು ಒಂದು ಕಡೆಯೂ ಬರಬಾರದು, ಅದು ಅಪೀಲು ಆಗುತ್ತದೆ, ದಯೆ ಆಗುವುದಿಲ್ಲ ಎಂದರು. ವಯಸ್ಸು, ಹಿಂದಿನ ನಡತೆ, ಓಡಿಹೋಗದೆ ಗೇಟಿನ ಬಳಿಯೇ ಕೂತು ಪೊಲೀಸರಿಗೆ ಸಿಕ್ಕಿದ್ದು, ಜೈಲಿನಲ್ಲಿನ ನಡತೆ, ಹೆಂಡತಿಗೆ ಬೇರೆ ದಿಕ್ಕಿಲ್ಲದ್ದು, ಎರಡು ವರ್ಷದಿಂದ ಸಾವಿನ ನೆರಳಿನಲ್ಲಿ ಇರುವುದು, ಇಷ್ಟನ್ನೇ ಸಂಖ್ಯೆ ಹಾಕಿ ಬರೆದರು. ನಾನು ಧರ್ಮದ ಮಾತೊಂದನ್ನು ಸೇರಿಸೋಣ ಎಂದೆ. ಸತ್ಯವೇದದ ಪ್ರಕಾರ ಜಗತ್ತಿನ ಮೊದಲ ಕೊಲೆಗಾರ ತನ್ನ ತಮ್ಮನನ್ನೇ ಕೊಂದ. ದೇವರು ಅವನನ್ನು ಶಪಿಸಿ ಅಲೆಯಲು ಬಿಟ್ಟ, ಆದರೆ ಯಾರೂ ಅವನನ್ನು ಕೊಲ್ಲದಂತೆ ಅವನಿಗೊಂದು ಗುರುತು ಇಟ್ಟ. ಆ ಮೂರು ಪುಟದಲ್ಲಿ ಅದನ್ನು ನಾನು ಬರೆದೇ ಇರಲಿಲ್ಲ.

ಹಿರಿಯರು ಪೆನ್ನು ಕೆಳಗಿಟ್ಟರು. "ಬೇಡ. ಸೆಕ್ರೆಟರಿಯೇಟಿನಲ್ಲಿ ಇದನ್ನ ಓದೋ ಗುಮಾಸ್ತನಿಗೆ ಇದು ಬೇಕಿಲ್ಲ." ಆಮೇಲೆ ಕೇಳಿದರು: "ಒಂದು ಕೇಳ್ತೀನಿ. ನೀವು ಮನಸ್ಸು ಬದಲಾಯಿಸಿದ್ದು ಓದಿಯೋ, ಅವ್ನ ಮುಖ ನೋಡಿಯೋ?"

"ನೋಡಿದ ಮೇಲೆ ಓದಿದೆ" ಎಂದೆ.

"ಅದು ಆ ತಾಯಿಗೂ ಗೊತ್ತಾಗ್ಬೇಕಲ್ಲ" ಎಂದರು. "ನಿಮ್ಮ ಬಾಯಿಂದ್ಲೇ ಗೊತ್ತಾದ್ರೆ ಒಳ್ಳೇದು."

ಶುಕ್ರವಾರ ಸಂಜೆ ಆ ತಾಯಿಯ ಮನೆಗೆ ಹೋದೆ. ಕಾರ್ಮಿಕರ ಕ್ವಾರ್ಟರ್ಸಿನ ಸಾಲಿನಲ್ಲಿ ಕೊನೆಯ ಮನೆ. ಆಕೆ ಅಂಗಳದಲ್ಲಿ ಕೂತು ಆಸ್ಪತ್ರೆಯ ಬಿಳಿ ಸೀರೆಗೆ ನೀಲಿ ಹಾಕುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಅರ್ಜಿ ಬರೆಸಿದ್ದೇನೆ, ಅವನ ಕೈಯಲ್ಲಿ ಸಹಿ ಹಾಕಿಸಲು ಹೋಗುತ್ತೇನೆ, ನಿಮಗಾಗಿ ಬರೆದದ್ದನ್ನು ಇನ್ನು ನನ್ನದೆಂದು ಹೇಳಲಾರೆ ಎಂದೆ.

ಆಕೆ ಸೀರೆಯನ್ನು ನೀರಿನೊಳಗೇ ಬಿಟ್ಟು ತಲೆ ಎತ್ತಿದರು.

"ನ್ಯಾಯ ಕೇಳೋದು ಪಾಪ ಅಲ್ಲ ಅಂದ್ರಿ. ಆ ಮಾತು ಹಿಡ್ಕೊಂಡು ಇಷ್ಟು ದಿನ ಮಲಗಿ ಎದ್ದಿದೀನಿ. ಈಗ ಅದನ್ನೂ ಕಿತ್ಕೊಳ್ಳಕ್ಕೆ ಬಂದ್ರಾ?"

"ನೀವು ಕೇಳಿದ್ದು ಪಾಪ ಅಂತ ಈಗ್ಲೂ ಹೇಳಲ್ಲ ಅಮ್ಮ. ನಾನು ಬರೆದದ್ದು ತಪ್ಪು."

"ನಿಮ್ಮ ಮನೇಲಿ ಯಾರನ್ನೂ ಕೊಂದಿಲ್ಲ. ಕ್ಷಮಿಸೋದು ನಿಮ್ಗೆ ಸಲೀಸು."

"ಹೌದು."

ನಾನು ಹಾಗೆ ಒಪ್ಪಿಕೊಂಡದ್ದು ಆಕೆಯ ಸಿಟ್ಟನ್ನು ಇನ್ನೂ ಹೆಚ್ಚಿಸಿತು. "ಅವ್ನು ನಮ್ಮನೇಲಿ ಉಂಡೋನು. ಇದೇ ಜಗಲಿ ಮೇಲೆ. ಮೂರು ದಿನ ಮಸೆದ. ಮೂರು ದಿನ ನನ್ನ ಮಗನ ಮುಖ ನೋಡ್ಕೊಂಡೇ ಮಸೆದ. ಆ ಮೂರು ದಿನದಲ್ಲಿ ಯಾವ ದೇವ್ರು ಅವ್ನಿಗೆ ಅಡ್ಡ ಬಂದ? ಈಗ ಅವ್ನಿಗೆ ಅಡ್ಡ ನಿಲ್ಲಕ್ಕೆ ನೀವೆಲ್ಲಾ ಬಂದ್ರಿ." ಆಮೇಲೆ ದನಿ ಇಳಿಸಿ, "ನಾನು ಯಾವುದಕ್ಕೂ ಸೈನ್ ಹಾಕಲ್ಲ. ಬೇಡ ಅಂತ ಎಲ್ಲೂ ಹೋಗಿ ಹೇಳೋದೂ ಇಲ್ಲ. ಒಂದೇ ಮಾತು. ನಿಮ್ಮ ಅರ್ಜೀಲಿ ನನ್ನ ಮಗನ್ನ ಮೃತ ವ್ಯಕ್ತಿ ಅಂತ ಬರೀಬೇಡಿ. ಹೆಸ್ರು ಬರೀರಿ" ಎಂದರು.

ಶನಿವಾರ ಹಿರಿಯರ ಮನೆಗೆ ಮತ್ತೆ ಹೋಗಿ ಅರ್ಜಿಯನ್ನು ತಿದ್ದಿಸಿದೆ. 'ಮೃತ' ಎಂದಿದ್ದ ಐದು ಕಡೆ ಹೆಸರು ಬಂತು. ಹಿರಿಯರು ಏನೂ ಕೇಳದೆ ಹೊಸ ಹಾಳೆ ತೆಗೆದುಕೊಂಡು ಮೊದಲಿನಿಂದ ಬರೆದರು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಹೆಚ್ಚು ದಿನ ಆಗಿರಲಿಲ್ಲ. ಹಿಂದಿನ ಪ್ರತಿಯಲ್ಲಿ ಅಭ್ಯಾಸಬಲದಿಂದ ಮೈಸೂರು ರಾಜ್ಯದ ಗವರ್ನರ್ ಎಂದು ಬರೆದಿದ್ದರು, ಅದೂ ಸರಿಹೋಯಿತು. ಸಂಜೆ ನವರಂಗ್ ಟಾಕೀಸಿನ ಬಳಿಯ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷ್ ಪ್ರತಿ ನಾಲ್ಕು ತೆಗೆಸಿದೆವು.

ಭಾನುವಾರ ಪ್ರಸಂಗದ ಹೊತ್ತಿಗೆ ನಾನು ಬೇರೆ ಏನನ್ನೂ ಮಾತಾಡಲಿಲ್ಲ. ಹಿಂದೆ ನಮ್ಮ ಪತ್ರಿಕೆಯಲ್ಲಿ ನಾನು ಬರೆದದ್ದನ್ನು ನೆನಪಿಸಿ, ಇದನ್ನು ನಾನು ಬರೆಯಬಾರದಿತ್ತು ಎಂದೆ. ಆಳುವವನ ಕೈಯಲ್ಲಿ ಕತ್ತಿ ಇದೆ ಎಂದು ವಚನ ಹೇಳುತ್ತದೆ, ನಿಜ. ಅದನ್ನು ಬೀಸಲೇಬೇಕು ಎಂದು ಹೇಳಿದವನು ನಾನು. ನಮ್ಮ ಸ್ವಾಮಿಯನ್ನು ಕೊಂದದ್ದೂ ಕಾನೂನು ಪ್ರಕಾರ ನಡೆದ ವಿಚಾರಣೆಯೇ. ಹಾಗಿರುವಾಗ ಆ ಕತ್ತಿಯ ಬಗ್ಗೆ ಅಷ್ಟು ನಿಶ್ಚಿಂತೆಯಿಂದ ಬರೆಯುವ ಕೈ ನನ್ನದಾಗಬಾರದಿತ್ತು. ಇಷ್ಟು ಹೇಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಫಿಟ್ಟರ್ ಎದ್ದು ನಿಂತ. ಸತ್ತವನ ಜೊತೆ ಒಂದೇ ಪಾಳಿಯಲ್ಲಿ ದುಡಿದವನು.

"ಅಯ್ಯನೋರೆ, ನಾಳೆ ನನ್ನ ಯಾರಾದ್ರೂ ಚುಚ್ಚಿದ್ರೆ ಅವ್ನಿಗೂ ಅರ್ಜಿ ಬರಿಸ್ತೀರಾ?"

"ಬರೆಸ್ತೀನಿ."

"ಹಂಗಾದ್ರೆ ನನ್ನ ಹೆಂಡ್ತಿಗೆ ಈಗ್ಲೇ ಹೇಳಿಬಿಡ್ತೀನಿ, ನಿಮ್ಮನ್ನ ಮಣ್ಣಿಗೆ ಕರೀಬೇಡ ಅಂತ" ಎಂದು ಹೊರಗೆ ಹೋದ. ಅವನ ಹಿಂದೆ ಮೂರು ಮನೆಯವರು ಹೋದರು. ಆ ತಾಯಿ ಎದ್ದುಹೋಗಲಿಲ್ಲ. ಮುಂದಿನ ಸಾಲಿನಲ್ಲಿ ತಮ್ಮ ಜಾಗದಲ್ಲಿ ಕೊನೆಯವರೆಗೂ ಕೂತಿದ್ದು, ಆಶೀರ್ವಚನ ಮುಗಿದ ಮೇಲೆ ನನ್ನ ಕೈ ಕುಲುಕದೆ ಹೋದರು.

ಸೋಮವಾರ, ಏಳನೆಯ ದಿನ, ಬೆಳಿಗ್ಗೆ ಹತ್ತಕ್ಕೆ ಜೈಲಿನಲ್ಲಿದ್ದೆ. ಅದೇ ಸ್ಟೂಲು, ಅದೇ ಸರಳು. ಅರ್ಜಿಯನ್ನು ಅವನಿಗೆ ಪೂರ್ತಿ ಓದಿ ಹೇಳಿದೆ. ಸತ್ತವನ ಹೆಸರು ಬಂದಾಗೆಲ್ಲ ಅವನ ಕಣ್ಣು ನೆಲಕ್ಕೆ ಹೋಗುತ್ತಿತ್ತು.

"ನಾನು ಹೇಳಿದ್ನಲ್ಲ ಅಯ್ಯನೋರೆ. ಆ ಕಳ್ಳ—"

"ಆ ಕಳ್ಳ ಅರ್ಜಿ ಹಾಕ್ಲಿಲ್ಲ ನಿಜ. ಸುಮ್ಮನೂ ಇರ್ಲಿಲ್ಲಪ್ಪ. ಪಕ್ಕದಲ್ಲಿದ್ದವನನ್ನ ಕೇಳ್ಕೊಂಡ, ನನ್ನನ್ನ ಮರೀಬೇಡ ಅಂತ. ತನಗಾಗಿರೋದು ನ್ಯಾಯ ಅಂತ ಒಪ್ಪಿದ ಬಾಯಲ್ಲೇ ಕೇಳ್ದ. ಒಪ್ಪಿದ್ರೆ ಕೇಳ್ಬಾರ್ದು ಅಂತ ಎಲ್ಲೂ ಇಲ್ಲ."

ಅವನು ಪತ್ರಿಕೆಗಳ ಕಟ್ಟನ್ನು ತೋರಿಸಿ, "ಹಂಗಾದ್ರೆ ಇದು?" ಎಂದ.

"ಅದು ತಪ್ಪು. ನಾನು ಈ ಕೋಣೆ ನೋಡದೇನೇ ಬರೆದೆ. ನಿನ್ನೆ ಸಭೆ ಮುಂದೆ ಹೇಳಿದೀನಿ. ನನ್ನ ಅಕ್ಷರ ಓದಿ ನೀನು ಸಾಯೋದು ನನಗೆ ಬೇಡ."

ಆಗ ಅವನು ನನ್ನನ್ನು ನೇರವಾಗಿ ನೋಡಿದ. "ಅಂದ್ರೆ ಈ ಸೈನು ನಿಮಗೋಸ್ಕರಾನಾ?"

ಸುಳ್ಳು ಹೇಳಬಹುದಿತ್ತು. ಹೆಂಡತಿಗೋಸ್ಕರ ಎನ್ನಬಹುದಿತ್ತು. "ಅರ್ಧ ಹೌದು" ಎಂದೆ.

"ಕೊಡಿ ಹಂಗಾದ್ರೆ" ಎಂದು ಕೈ ಚಾಚಿದ. "ನಿಮಗೋಸ್ಕರ ಹಾಕ್ತೀನಿ. ನಂಗೇನೂ ಬೇಕಿಲ್ಲ." ಸರಳುಗಳ ನಡುವೆ ಹಾಳೆ ಹಿಡಿದು, ನಾಲ್ಕು ಪ್ರತಿಗೂ ಸಹಿ ಹಾಕಿದ. ಟರ್ನರುಗಳ ಕೈಬರಹ ಸಾಮಾನ್ಯವಾಗಿ ಒರಟು. ಇವನದು ಗುಂಡಗೆ, ಶಾಲೆಯ ಮಗುವಿನ ಬರಹದ ಹಾಗಿತ್ತು. ಜೈಲರು ಮೊಹರು ಹಾಕಿ, ತಾರೀಖು ಬರೆದು, ಗಂಟೆಯನ್ನೂ ನಮೂದಿಸಿ ಸ್ವೀಕರಿಸಿದರು.

ಅಲ್ಲಿಂದ ಮುಂದೆ ಹದಿನಾಲ್ಕು ತಿಂಗಳು.

ಮೊದಲ ಎರಡು ತಿಂಗಳಲ್ಲಿ ಅವನಲ್ಲಿ ಏನೂ ಬದಲಾಗಲಿಲ್ಲ. ಅರ್ಜಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಮೂರನೆಯ ತಿಂಗಳು ನಾನು ಹೋದಾಗ, "ಗವರ್ನರ್ ಆಫೀಸಲ್ಲಿ ಯಾರಾದ್ರೂ ಗೊತ್ತಾ?" ಎಂದು ಕೇಳಿದ. ನನಗೆ ಸಂತೋಷವಾಯಿತು, ಬದುಕುವ ಆಸೆ ಚಿಗುರಿದೆ ಎಂದುಕೊಂಡೆ. ಆಮೇಲೆ ಪ್ರತಿ ಸಲವೂ ಅದೇ ಪ್ರಶ್ನೆ. ಐದನೆಯ ತಿಂಗಳು ರಾಜ್ಯದಿಂದ ಉತ್ತರ ಬಂತು: ಮಧ್ಯೆ ಬರಲು ಕಾರಣ ಕಾಣುವುದಿಲ್ಲ ಎಂದು ಎರಡು ಸಾಲು. ಅರ್ಜಿ ದಿಲ್ಲಿಗೆ ಹೋಯಿತು.

ದಿಲ್ಲಿಗೆ ಹೋದ ಮೇಲೆ ಅವನು ನಿದ್ದೆ ಕಳೆದುಕೊಂಡ. ಬೂಟಿನ ಸದ್ದು ಆದರೆ ಎದ್ದು ನಿಲ್ಲುತ್ತಿದ್ದ. ತೂಕ ಇಳಿಯಿತು. ಇನ್ನೊಂದು ಅರ್ಜಿ ಬರೆಯಿರಿ, ಅದರಲ್ಲಿ ಇದು ಸೇರಿಸಿ, ಅದು ಸೇರಿಸಿ ಎಂದು ಹೇಳತೊಡಗಿದ. ಹಿರಿಯರು ಇನ್ನೂ ಎರಡು ಜ್ಞಾಪನ ಪತ್ರ ಬರೆದುಕೊಟ್ಟರು. ಪ್ರತಿ ಸಲ ಹೊಸ ಹಾಳೆ ತೆಗೆಯುವಾಗಲೂ, "ನನ್ನ ಅಭಿಪ್ರಾಯ ಬದಲಾಗಿಲ್ಲ" ಎನ್ನುತ್ತಿದ್ದರು. ಆದರೆ ಎರಡನೆಯದನ್ನು ಬರೆಯುವಾಗ ಅವರು ಒಂದು ಸಾಲು ಬರೆದು, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಅವನ ಹೆಂಡತಿ ಆಗ ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆಯಲ್ಲಿದ್ದಳು. ಊದುಬತ್ತಿ ಹೊಸೆಯುವ ಕೆಲಸ. ಗಂಡನ ಸುದ್ದಿ ಗೊತ್ತಾದ ಕಡೆಯೆಲ್ಲ ಮನೆ ಬಿಡಿಸಿದ್ದರು. ಕೊನೆಗೆ ಗಂಡ ದೂರದ ಊರಲ್ಲಿ ಕೆಲಸಕ್ಕಿದ್ದಾನೆ ಎಂದು ಹೇಳಿಕೊಂಡು ಅಲ್ಲಿ ಸೇರಿದ್ದಳು. ನಮ್ಮ ಆರಾಧನೆಗೆ ಬರುವುದನ್ನೂ ಬಿಟ್ಟಿದ್ದಳು, ಆ ತಾಯಿಯ ಎದುರು ಕೂರಲು ಆಗುವುದಿಲ್ಲ ಎಂದು.

ಒಂದು ದಿನ ಜೈಲರು ನನ್ನನ್ನು ಕರೆಸಿ, ಕುರ್ಚಿ ತೋರಿಸಿ, "ಕೂತ್ಕೊಳ್ಳಿ ಫಾದರ್" ಎಂದರು. ಅಷ್ಟರಲ್ಲೇ ತಿಳಿಯಿತು. ದಿಲ್ಲಿಯೂ ಒಪ್ಪಿರಲಿಲ್ಲ. ಅವನನ್ನು ಅಷ್ಟರಲ್ಲಿ ಬೆಳಗಾವಿ ಕಡೆಯ ಜೈಲಿಗೆ ಸಾಗಿಸಿದ್ದರು. ಹತ್ತಿರದವರು ಕೊನೆಯ ಭೇಟಿಗೆ ಹೋಗಬಹುದು ಎಂದು ಸಹಿ ಮಾಡಿದ ಕಾಗದ ಕೊಟ್ಟರು.

ನಾನೂ ಅವನ ಹೆಂಡತಿಯೂ ರೈಲಿನಲ್ಲಿ ಹೋದೆವು. ದಾರಿಯುದ್ದಕ್ಕೂ ಆಕೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಒಂದು ಸಲ ಮಾತ್ರ, "ಅಯ್ಯನೋರೆ, ನಾನು ಸುಮ್ನೆ ಬಿಟ್ಟಿದ್ರೆ ಒಂದು ವರ್ಷದ ಹಿಂದೇನೇ ಮುಗೀತಿತ್ತಲ್ವಾ" ಎಂದಳು.

ಭೇಟಿ ಮಧ್ಯಾಹ್ನ. ಆಕೆಯ ಜೊತೆ ಮುಕ್ಕಾಲು ಗಂಟೆ ಮಾತಾಡಿದ. ಆಕೆ ಹೊರಗೆ ಹೋದ ಮೇಲೆ ನಾನು ಸತ್ಯವೇದ ತೆರೆದೆ. ಅವನು ಬೇಡವೆಂದು ಕೈ ಆಡಿಸಿದ.

"ಒಂದು ಹೇಳ್ಬೇಕು ನಿಮ್ಗೆ. ಅವ್ಳ ಮುಂದೆ ಹೇಳ್ಬೇಡಿ. ಆವತ್ತು ನಾನು ರೆಡಿ ಆಗಿದ್ದೆ ಅಯ್ಯನೋರೆ. ನಿಜವಾಗ್ಲೂ ಆಗಿದ್ದೆ. ಆವತ್ತೇ ಕರ್ಕೊಂಡು ಹೋಗಿದ್ರೆ ನಡ್ಕೊಂಡು ಹೋಗ್ತಿದ್ದೆ. ನೀವು ಆಸೆ ಹಚ್ಚಿದ್ರಿ. ಈಗ ಭಯ ಆಗ್ತೈತೆ. ಕಾಲು ನಿಲ್ತಾ ಇಲ್ಲ ನೋಡಿ."

ನೋಡಿದೆ. ಮೊಣಕಾಲು ನಡುಗುತ್ತಿತ್ತು.

"ನಿಮ್ಮ ಮೇಲೆ ಸಿಟ್ಟಿಲ್ಲ" ಎಂದ. "ಹೇಳ್ದೆ ಹೋದ್ರೆ ಸುಳ್ಳಾಗುತ್ತೆ, ಅದಕ್ಕೆ ಹೇಳ್ದೆ."

ಸರಳುಗಳ ನಡುವೆ ಕೈ ಹಾಕಿ ಅವನ ಕೈ ಹಿಡಿದುಕೊಂಡೆ. ಪ್ರಾರ್ಥನೆಯ ಮಾತು ಬರಲಿಲ್ಲ. ಅವನೇ, "ಆಮೆನ್ ಆದ್ರೂ ಹೇಳಿ" ಎಂದ. ಹೇಳಿದೆ.

ಮಾರನೆಯ ದಿನ ಬೆಳಕು ಹರಿಯುವ ಮುನ್ನ, ಕೊನೆಯ ಬಾಗಿಲಿನವರೆಗೆ ಅವನ ಜೊತೆ ನಡೆಯಲು ನನಗೆ ಅನುಮತಿಯಿತ್ತು. ಇಬ್ಬರು ವಾರ್ಡರುಗಳು ಅವನ ತೋಳು ಹಿಡಿದಿದ್ದರು. ನಡೆಸಿದರು ಎನ್ನುವುದಕ್ಕಿಂತ ಎತ್ತಿಕೊಂಡು ಹೋದರು ಎನ್ನಬೇಕು. ನಾನು ಕಂಠಪಾಠವಿದ್ದ ಕೀರ್ತನೆಯನ್ನು ಹೇಳುತ್ತ ಹೋದೆ. ಬಾಗಿಲು ಮುಚ್ಚಿತು. ಹೊರಗೆ ನಿಂತವನಿಗೆ ಹಲಗೆ ಬಿದ್ದ ಶಬ್ದ ಕೇಳಿಸಿತು. ಒಂದು ಗಂಟೆಯ ಮೇಲೆ ವೈದ್ಯರು ಕಾಗದಕ್ಕೆ ಸಹಿ ಮಾಡಿದರು. ಆ ಊರಿನ ಸಭೆಯ ಪಾಲಕರು ತಮ್ಮ ಸ್ಮಶಾನದ ಮೂಲೆಯಲ್ಲಿ ಜಾಗ ಕೊಟ್ಟರು. ಮಣ್ಣಿಗೆ ಅವರು, ನಾನು, ಅವನ ಹೆಂಡತಿ, ಗುಂಡಿ ತೋಡಿದ ಇಬ್ಬರು, ಇಷ್ಟೇ ಜನ.

ನಾನು ಅವನನ್ನು ಆ ನೆಮ್ಮದಿಯಲ್ಲೇ ಸಾಯಲು ಬಿಡಬೇಕಿತ್ತೇ ಎಂದು ಬಹಳ ಜನ ನನ್ನನ್ನು ಕೇಳಿದ್ದಾರೆ, ನಾನೂ ಕೇಳಿಕೊಂಡಿದ್ದೇನೆ. ಆ ನೆಮ್ಮದಿಯನ್ನು ಕೊಟ್ಟದ್ದು ನನ್ನ ತಪ್ಪು ಬರಹ; ಕಿತ್ತುಕೊಂಡದ್ದು ನಾನು ಸರಿ ಎಂದು ನಂಬಿ ಮಾಡಿದ ಕೆಲಸ. ಮರಣದಂಡನೆ ತಪ್ಪು ಎಂದು ಅಂದಿನಿಂದ ಯಾರು ಕೇಳಿದರೂ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳುವಾಗ ಆ ಮೊಣಕಾಲು ಕಣ್ಣಿಗೆ ಬರುತ್ತದೆ.

ಬೆಂಗಳೂರಿಗೆ ಬಂದ ಬೆಳಿಗ್ಗೆ ಅವನ ಹೆಂಡತಿಯನ್ನು ಕಾಮಾಕ್ಷಿಪಾಳ್ಯದ ಕೋಣೆಗೆ ಬಿಟ್ಟು, ನನ್ನ ಮನೆಗೆ ಹೋಗದೆ ನೇರವಾಗಿ ಆ ತಾಯಿಯ ಮನೆಗೆ ಹೋದೆ. ಬೇರೆಯವರ ಬಾಯಿಂದ ಆಕೆಗೆ ತಿಳಿಯಬಾರದು ಎಂದು. ಆಕೆ ಆಸ್ಪತ್ರೆಗೆ ಹೊರಡಲು ಬಿಳಿ ಸೀರೆ ಉಟ್ಟು, ಬಾಗಿಲಿಗೆ ಬೀಗ ಹಾಕುತ್ತಿದ್ದರು.

"ಮುಗೀತಾ?" ಎಂದರು.

"ನಿನ್ನೆ ಬೆಳಿಗ್ಗೆ."

ಬೀಗ ಹಾಕದೆ ಮೆಟ್ಟಿಲ ಮೇಲೆ ಕೂತರು. ಬಹಳ ಹೊತ್ತು ಎದೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು, ಅಲ್ಲಿ ಏನೋ ಆಗುತ್ತದೆಂದು ಕಾಯುವ ಹಾಗೆ. "ಏನೋ ಇಳಿಯುತ್ತೆ ಅನ್ಕೊಂಡಿದ್ದೆ" ಎಂದರು. "ಏನೂ ಇಳೀತಿಲ್ಲ."

ಆಮೇಲೆ ಬೀಗವನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದರು:

"ಅವ್ಳು ಎಲ್ಲಿ?"

"ಕೋಣೆಗೆ ಬಿಟ್ಟು ಬಂದೆ."

"ಜೊತೇಲಿ ಯಾರಿದಾರೆ?"

"ಯಾರೂ ಇಲ್ಲ ಅಮ್ಮ. ಅಲ್ಲಿ ಯಾರಿಗೂ ವಿಷ್ಯ ಗೊತ್ತಿಲ್ಲ."

ಆಕೆ ಮೆಲ್ಲಗೆ ಎದ್ದರು. ಮುಖದಲ್ಲಿ ಯಾವ ಮೆದುತನವೂ ಇರಲಿಲ್ಲ. "ನಾನು ಹೋಗಲ್ಲ ಅಯ್ಯನೋರೆ. ನನ್ನ ಕೈಲಾಗಲ್ಲ, ಹೇಳ್ಬೇಡಿ. ಆದ್ರೆ ಇವತ್ತು ಅವ್ಳು ಒಬ್ಳೇ ಇರ್ಬಾರ್ದು." ಗೋಡೆಯ ಹತ್ತಿರ ಹೋಗಿ, ಮುಂಚೆ ಟರ್ನರನ ಹೆಂಡತಿಯ ಜೊತೆ ಒಡನಾಡಿದ್ದ ಪಕ್ಕದ ಮನೆಯಾಕೆಯನ್ನು ಹೆಸರು ಹಿಡಿದು ಕೂಗಿದರು. ನೆರೆಯಾಕೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ತಾಯಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು: "ಕಾಮಾಕ್ಷಿಪಾಳ್ಯಕ್ಕೆ ಹೋಗು ಕಣೇ, ಅಯ್ಯನೋರು ಜಾಗ ತೋರಿಸ್ತಾರೆ. ಒಲೆ ಹಚ್ಚಿ ಏನಾದ್ರೂ ಬೇಯಿಸಿ ಉಣ್ಣಿಸು. ನಾನು ಕಳಿಸಿದೆ ಅಂತ ಮಾತ್ರ ಹೇಳ್ಬೇಡ."